ಮನೆಯ ಚಿತ್ರವನ್ನು ಮಳೆಗಾಲದಲ್ಲಿ ತೆಗೆಯಬೇಕು

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಆಸುಪಾಸಿನಲ್ಲಿ ಹೊಸ ಮನೆ ಕಟ್ಟಿಸಲು ಹೊರಟವರು ಹಿಂದೆ ಮೇಸ್ತ್ರಿಯ ಮುಂದೆ ಕೆಲವು ಸಂಗತಿಗಳನ್ನು ಇಡುತ್ತಿದ್ದರು: ಜಾಗದ ಅಳತೆ, ಬಾವಿ ಇರುವ ದಿಕ್ಕು, ಮನೆಮಂದಿಯ ಲೆಕ್ಕ, ಹಟ್ಟಿಯಲ್ಲಿರುವ ದನಗಳ ಸಂಖ್ಯೆ, ಕೈಯಲ್ಲಿರುವ ಹಣ. ಈಗ ಮೊದಲು ಮುಂದಿಡುವುದು ಮೊಬೈಲಿನಲ್ಲಿರುವ ಒಂದು ಛಾಯಾಚಿತ್ರವನ್ನು. ಎಲ್ಲಿಯೋ ಗುಡ್ಡದ ನೆತ್ತಿಯಲ್ಲಿ, ಹಸಿರಿನ ನಡುವೆ, ಎಲೆಯಂತೆ ಬಾಗಿದ ಮಾಡು, ಮರದ ಕಾಂಡದಂತಹ ಕಂಬ, ಬಂಡೆಯನ್ನು ಒಳಗೆ ಸೇರಿಸಿಕೊಂಡ ಗೋಡೆ ಇರುವ ಮನೆಯೊಂದರ ಚಿತ್ರ ಅದು. ‘ಪ್ರಕೃತಿಯ ಪ್ರೇರಣೆಯಿಂದ ಕಟ್ಟಿದ ಮನೆ’ ಎಂಬ ಅಡಿಬರಹವೂ ಅದಕ್ಕಿರುತ್ತದೆ. ‘ಇಂಥದ್ದೇ ಬೇಕು’ ಎಂಬುದು ಬೇಡಿಕೆ. ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆ ಎಂಬುದನ್ನು ಬಲ್ಲ ಮೇಸ್ತ್ರಿ ಒಂದೆರಡು ಮಾತು ಹೇಳಲು ಯತ್ನಿಸಿ, ಕೊನೆಗೆ ಚಿತ್ರಕ್ಕೆ ಶರಣಾಗುತ್ತಾನೆ.

ಚಂದದ ಮನೆ ಬಯಸುವುದು ತಪ್ಪಲ್ಲ. ಚಂದದ ಮನೆಯ ಚಿತ್ರ ತೆಗೆಯುವುದೂ ತಪ್ಪಲ್ಲ. ಆದರೆ ಆ ಚಿತ್ರ ಮನೆಯ ಆಕಾರವನ್ನು ಹೊತ್ತು ತರುತ್ತದೆಯೇ ಹೊರತು ಆ ಆಕಾರದ ಕಾರಣವನ್ನಲ್ಲ. ಬಿಸಿಲಿನ ದಿನ, ಬಣ್ಣ ಹಚ್ಚಿದ ಮರುವಾರ, ಯಾರೂ ವಾಸಕ್ಕೆ ಬಾರದ ಮುನ್ನ ತೆಗೆದ ಚಿತ್ರದಲ್ಲಿ ಪ್ರಕೃತಿಯು ಹಿನ್ನೆಲೆಯ ಪರದೆಯಾಗಿ ನಿಂತಿರುತ್ತದೆ. ಮನೆಗೂ ಪ್ರಕೃತಿಗೂ ನಿಜವಾದ ಮಾತುಕತೆ ನಡೆಯುವುದು ಜೂನ್ ತಿಂಗಳಲ್ಲಿ. ಮನೆಯೊಂದು ಪ್ರಕೃತಿಯಿಂದ ಏನನ್ನು ಕಲಿತಿದೆ ಎಂಬುದನ್ನು ತೋರಿಸುವ ಚಿತ್ರ ಬೇಕಾದರೆ ಅದನ್ನು ಮಳೆಗಾಲದಲ್ಲಿ ತೆಗೆಯಬೇಕು. ಇದು ಛಾಯಾಗ್ರಹಣದ ನಿಯಮವಲ್ಲ, ಪಶ್ಚಿಮ ಘಟ್ಟದ ತಪ್ಪಲಿನ ವಿವೇಕ.

ಗುರುವಾಯನಕೆರೆಯಿಂದ ಲಂಡನ್ನಿಗೆ ಹೋದ ಚಿತ್ರ

ಚಿತ್ರವೊಂದು ಆಕಾರವನ್ನು ಮಾತ್ರ ಒಯ್ಯುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವೊಂದು ಗುರುವಾಯನಕೆರೆಯಲ್ಲಿಯೇ ಇದೆ. ಜೇಮ್ಸ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನ ವಾಸ್ತು ಇತಿಹಾಸಕಾರ ಭಾರತದ ಮತ್ತು ಪೂರ್ವ ದೇಶಗಳ ವಾಸ್ತುಶಿಲ್ಪದ ಇತಿಹಾಸವನ್ನು 1876ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಛಾಯಾಚಿತ್ರಗಳನ್ನು ಆಧರಿಸಿ ಮರದ ಅಚ್ಚಿನಲ್ಲಿ ಕೊರೆದ ಅನೇಕ ಚಿತ್ರಗಳು ಆ ಗ್ರಂಥದಲ್ಲಿವೆ. ಮೂಡುಬಿದಿರೆಯ ಬಸದಿಯ ಚಿತ್ರದ ಜೊತೆಗೆ ಗುರುವಾಯನಕೆರೆಯ ಬಸದಿಯೆದುರಿನ ಐದು ಕಂಬಗಳ ಮಂಟಪದ ಚಿತ್ರವೂ ಅಲ್ಲಿದೆ. ಊರಿನ ಹೆಸರು ಮಾತ್ರ ‘ಗುರುಸನ್‌ಕೆರಿ’ ಎಂದಾಗಿದೆ. ಮಂಟಪ ಸಮುದ್ರ ದಾಟಿ ಸುರಕ್ಷಿತವಾಗಿ ತಲಪಿತು, ಊರಿನ ಹೆಸರು ದಾರಿಯಲ್ಲಿ ಕೆಟ್ಟಿತು.

ಘಟ್ಟವಿಳಿದು ತುಳುನಾಡಿಗೆ ಬಂದೊಡನೆ ವಾಸ್ತುವಿನ ರೀತಿಯೇ ಬೇರೆಯಾಗುತ್ತದೆ ಎಂಬುದನ್ನು ಫರ್ಗುಸನ್ ಸರಿಯಾಗಿ ಗುರುತಿಸಿದ್ದನು. ಇಲ್ಲಿನ ಬಸದಿಗಳ ಇಳಿಜಾರಾದ, ಒಂದರ ಮೇಲೊಂದು ಏರಿದ ಮಾಡುಗಳು ಅವನಿಗೆ ನೇಪಾಳವನ್ನು ನೆನಪಿಸಿದವು. ಇಷ್ಟು ದೂರದ ಎರಡು ನಾಡುಗಳಲ್ಲಿ ಇಷ್ಟು ಹೋಲುವ ಮಾಡುಗಳಿರಬೇಕಾದರೆ ನಡುವೆ ಏನಾದರೂ ಸಂಬಂಧ ಇದ್ದಿರಬೇಕೆಂದು ಅವನು ಊಹಿಸಿದನು. ಕಲ್ಲಿನಲ್ಲಿ ಕಟ್ಟಿದ್ದರೂ ರೂಪವೆಲ್ಲ ಮರದ ಕಟ್ಟಡದ್ದೆಂಬುದನ್ನೂ ಅವನ ಕಣ್ಣು ಹಿಡಿದಿತ್ತು. ಅಷ್ಟರಮಟ್ಟಿಗೆ ಅವನ ನೋಟ ಹರಿತವಾದುದೇ.

ಆದರೆ ಗುರುವಾಯನಕೆರೆಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಆ ಮಾಡಿನ ಮೊದಲ ಕಾರಣ ಕಾಣಲು ನೇಪಾಳದವರೆಗೆ ಹೋಗಬೇಕಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ನೂರು ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ನಾಲ್ಕು ಲಕ್ಷ ಲೀಟರ್. ಐದು ಜನರ ಕುಟುಂಬವೊಂದು ತಲೆಗೆ ದಿನಕ್ಕೆ 135 ಲೀಟರ್‌ನಂತೆ ಬಳಸಿದರೂ ಒಂದೂವರೆ ವರ್ಷಕ್ಕೆ ಸಾಕಾಗಿ ಉಳಿಯುವಷ್ಟು ನೀರು ಅದು. ಇಷ್ಟು ನೀರನ್ನು ನಾಲ್ಕು ತಿಂಗಳಲ್ಲಿ ತಲೆಯಿಂದ ಇಳಿಸಿ, ಗೋಡೆಗೆ ತಾಗದಂತೆ, ಅಡಿಪಾಯಕ್ಕೆ ಇಂಗದಂತೆ ದೂರ ಒಯ್ಯುವುದೇ ಇಲ್ಲಿಯ ಮನೆಯ ಮೊದಲ ಕೆಲಸ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು 1430ರ ಸುಮಾರಿಗೆ ಕಟ್ಟಿದ ಕುಶಲಿಗಳೂ, ಅದೇ ಕಾಲದಲ್ಲಿ ಮುಳಿಹುಲ್ಲಿನ ಗುಡಿಸಲು ಕಟ್ಟಿಕೊಂಡ ಒಕ್ಕಲೂ ಈ ಒಂದು ವಿಷಯದಲ್ಲಿ ಒಂದೇ ಗುರುವಿನ ಶಿಷ್ಯರಾಗಿದ್ದರು. ಆ ಗುರು ಮಳೆ.

ಮಂಟಪದ ಚಿತ್ರದಲ್ಲಿ ಆ ಮಳೆ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅಂದಿನ ಕ್ಯಾಮೆರಾಗಳಿಗೆ ಬೆಳಕು ಬೇಕಿತ್ತು, ಬಹಳ ಹೊತ್ತು ಅಲುಗದೆ ನಿಲ್ಲಬೇಕಿತ್ತು. ಇಂದಿನ ಕ್ಯಾಮೆರಾಗಳಿಗೆ ಆ ಅಡ್ಡಿ ಇಲ್ಲ. ಆದರೂ ಮನೆಗಳ ಚಿತ್ರಗಳಲ್ಲಿ ಮಳೆ ಬರುವುದು ಅಪರೂಪ.

ಆಕಾರದ ಹಿಂದಿನ ಬೇಸಾಯ

ತುಳುನಾಡಿನ ಹಳೆಯ ಮನೆಯೊಂದನ್ನು, ಅದು ಗುತ್ತಿನ ದೊಡ್ಡ ಮನೆಯಾಗಲಿ ಸಣ್ಣ ಒಕ್ಕಲಿನದಾಗಲಿ, ಬೇಸಾಯದ ಕಣ್ಣಿನಿಂದ ನೋಡಿದರೆ ಅದರ ಒಂದೊಂದು ಅಂಗಕ್ಕೂ ಒಂದೊಂದು ಕೆಲಸವಿದೆ. ಛಾಯಾಚಿತ್ರದಲ್ಲಿ ಖಾಲಿ ಜಾಗವಾಗಿ ಕಾಣುವ ಅಂಗಳವು ನಿಜದಲ್ಲಿ ಕಣಜಕ್ಕಿಂತ ಮುಖ್ಯವಾದ ಕೆಲಸದ ನೆಲ. ಭತ್ತ ಬಡಿಯುವುದು ಅಲ್ಲಿ, ಹಣ್ಣಡಿಕೆಯನ್ನು ಸುಮಾರು ಒಂದೂವರೆ ತಿಂಗಳು ಬಿಸಿಲಿಗೆ ಹರಡಿ ಚಾಲಿ ಮಾಡುವುದು ಅಲ್ಲಿ. ಅಟ್ಟವು ಅಲಂಕಾರಕ್ಕಾಗಿ ಎತ್ತರಿಸಿದ ಚಾವಣಿಯಲ್ಲ. ಅಡುಗೆಮನೆಯ ಬಿಸಿ ಮತ್ತು ಹೊಗೆ ಮೇಲೇರಿ ಬೀಜವನ್ನೂ ಕಾಯಿಯನ್ನೂ ಹುಳುವಿನಿಂದ ಕಾಯುವ ಜಾಗ. ಉದ್ದಕ್ಕೆ ಚಾಚಿದ ಸೂರು ಮಣ್ಣಿನ ಗೋಡೆಗೆ ಹಿಡಿದ ಕೊಡೆ. ಜಗಲಿಯು ಅತಿಥಿಗೂ ಮಳೆಗೂ ನಡುವಿನ ಗಡಿ. ಅಷ್ಟೂ ಸಾಲದೆಂದು ಮಳೆ ಹಿಡಿಯುವ ಮುನ್ನ ಜಗಲಿಗೆ ಮಡಲಿನ ತಟ್ಟಿ ಕಟ್ಟುವ ಪದ್ಧತಿ ಇತ್ತು. ಈ ತಟ್ಟಿ ಕಟ್ಟಿದ ಮನೆ ಚಿತ್ರಕ್ಕೆ ಚಂದವಲ್ಲ. ಆದರೆ ಒಳಗಿನವರಿಗೆ ಬೆಚ್ಚಗಿರುತ್ತಿತ್ತು.

ಸಾಮಗ್ರಿಗಳ ವಿಷಯದಲ್ಲಿಯೂ ಹಾಗೆಯೇ. ಗೋಡೆಯ ಮಣ್ಣು ಅದೇ ಜಾಗದ್ದು. ಮುರಕಲ್ಲು ಹತ್ತಿರದ ಗುಡ್ಡೆಯದು. ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ವಿಚಿತ್ರ ಶಿಲೆ ಅದು. ಕರಾವಳಿಯುದ್ದಕ್ಕೂ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಈ ಗುಣವನ್ನು ವರ್ಣಿಸಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಪಕ್ಕಾಸಿಗೆ ತೋಟದಲ್ಲಿ ಫಲ ಮುಗಿದ ಅಡಿಕೆ ಮರದ ಸೀಳು, ಹೊದಿಕೆಗೆ ಪದವಿನ ಮುಳಿಹುಲ್ಲು ಇಲ್ಲವೆ ತೆಂಗಿನ ಮಡಲು. ಮನೆ ಹಳತಾಗಿ ಬಿದ್ದರೆ ಅದರ ಬಹುಭಾಗ ಮರಳಿ ತೋಟಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ‘ಪ್ರಕೃತಿಯಿಂದ ಪ್ರೇರಣೆ’ ಎಂಬ ಮಾತನ್ನು ಆ ಮನೆ ಕಟ್ಟಿದವರು ಕೇಳಿರಲಿಲ್ಲ. ಪ್ರಕೃತಿಯ ಆಕಾರವನ್ನು ಅವರು ಅನುಕರಿಸಲೂ ಇಲ್ಲ. ಅದರ ಲೆಕ್ಕವನ್ನು ಪಾಲಿಸಿದರು, ಅಷ್ಟೇ.

ಹಳೆಯದೆಲ್ಲವೂ ನಿರ್ದೋಷಿ ಎಂದು ಇದರ ಅರ್ಥವಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಬಳಿಕ ‘ಮಂಗಳೂರು ಹೆಂಚು’ ಜಗತ್ತಿನಾದ್ಯಂತ ಹರಡಿತು. ಅದಕ್ಕಾಗಿ ನದಿದಂಡೆಯ ಆವೆಮಣ್ಣು ಅಗೆಯಲ್ಪಟ್ಟಿತು, ಭಟ್ಟಿಗಳಿಗೆ ಕಾಡಿನ ಸೌದೆ ಉರಿಯಿತು. ಗುತ್ತಿನ ಮನೆಗಳ ದಪ್ಪ ಕಂಬಗಳಿಗೆ ಹೆಬ್ಬಲಸು, ತೇಗದ ಹೆಮ್ಮರಗಳೇ ಬೇಕಾದವು. ಕತ್ತಲ ಅಡುಗೆಮನೆಯಲ್ಲಿ ಹೊಗೆ ಕುಡಿದವರು ಹೆಂಗಸರು. ಆ ಮನೆಗಳ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಕಟ್ಟಿದ ಕೈಗಳಲ್ಲಿ ಅನೇಕವು ಅಂಗಳದಿಂದ ಮೇಲೆ ಬರುವಂತಿರಲಿಲ್ಲ. ಮಾಸಿದ ಬೆಳಕಿನಲ್ಲಿ ತೆಗೆದ ಹಳೆಮನೆಯ ಮೋಹಕ ಚಿತ್ರಗಳಲ್ಲಿ ಈ ಸಂಗತಿಗಳೂ ಕಾಣಿಸುವುದಿಲ್ಲ. ಹೊಸ ಮನೆಯ ಚಿತ್ರದಂತೆ ಹಳೆಮನೆಯ ಚಿತ್ರವೂ ಅರ್ಧಸತ್ಯ ಹೇಳಬಲ್ಲದು.

ಜಲಪಾತದ ಮೇಲಿನ ಮನೆ

ಜಗತ್ತಿನಲ್ಲಿ ಅತ್ಯಂತ ಹೆಚ್ಚು ಚಿತ್ರಿತವಾದ ‘ಪ್ರಕೃತಿಪ್ರೇರಿತ’ ಮನೆ ಯಾವುದೆಂದು ಕೇಳಿದರೆ ವಾಸ್ತುಶಿಲ್ಪ ಬಲ್ಲವರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ‘ಫಾಲಿಂಗ್‌ವಾಟರ್’ ಎಂದಾರು. ಫ್ರಾಂಕ್ ಲಾಯ್ಡ್ ರೈಟ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ಕಾಫ್‌ಮನ್ ಎಂಬ ವ್ಯಾಪಾರಿ ಕುಟುಂಬಕ್ಕಾಗಿ 1930ರ ದಶಕದಲ್ಲಿ ರೂಪಿಸಿದ ಮನೆಯದು. ಜಲಪಾತ ಕಾಣುವಂತಹ ಮನೆ ಬೇಕೆಂದು ಆ ಕುಟುಂಬ ಎಣಿಸಿದ್ದರೆ, ರೈಟ್ ಮನೆಯನ್ನು ಜಲಪಾತದ ಮೇಲೆಯೇ ಕಟ್ಟಿಸಿದನು. ಬಂಡೆಯ ಪದರಗಳಂತೆ ಕಾಂಕ್ರೀಟಿನ ಮೊಗಸಾಲೆಗಳು ತೊರೆಯ ಮೇಲಕ್ಕೆ ಚಾಚಿಕೊಂಡಿವೆ. 1937ರಲ್ಲಿ ಬಿಲ್ ಹೆಡ್ರಿಕ್ ಎಂಬ ಛಾಯಾಗ್ರಾಹಕ ತೊರೆಯ ಕೆಳಭಾಗದಲ್ಲಿ ನಿಂತು, ಮೇಲಕ್ಕೆ ನೋಡುತ್ತ ತೆಗೆದ ಚಿತ್ರ ಆ ಮನೆಯನ್ನು ಜಗತ್ತಿಗೆ ಪರಿಚಯಿಸಿತು. ಅಲ್ಲಿಗೆ ಹೋದವರು ಇಂದಿಗೂ ಅದೇ ಕೋನದಿಂದ ಚಿತ್ರ ತೆಗೆಯುತ್ತಾರೆ. 2019ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಆ ಚಿತ್ರದಲ್ಲಿ ಕಾಣಿಸದ ಸಂಗತಿಗಳು ಎರಡು. ಒಂದನೆಯದು, ಮನೆ ಸೋರುತ್ತಿತ್ತು. ಏಳು ಬಕೆಟ್ ಇಡಬೇಕಾದ ಮನೆಯೆಂದು ಮಾಲೀಕರೇ ತಮಾಷೆ ಮಾಡುತ್ತಿದ್ದರೆಂಬುದು ದಾಖಲಾಗಿದೆ. ಎರಡನೆಯದು, ತೊರೆಯ ಮೇಲೆ ಚಾಚಿದ ಆ ಮೊಗಸಾಲೆಗಳು ಕಟ್ಟಿದಂದಿನಿಂದಲೇ ಬಾಗತೊಡಗಿದ್ದವು. ದಶಕಗಳು ಕಳೆದಂತೆ ತುದಿ ಸುಮಾರು ಏಳು ಇಂಚಿನಷ್ಟು ತಗ್ಗಿತು. 2002ರಲ್ಲಿ ಕಾಂಕ್ರೀಟಿನೊಳಗೆ ಉಕ್ಕಿನ ಹಗ್ಗ ಬಿಗಿದು ಅದನ್ನು ನಿಲ್ಲಿಸಬೇಕಾಯಿತು. ರೈಟ್‌ನ ಪ್ರತಿಭೆಯನ್ನು ಇದು ಅಲ್ಲಗಳೆಯುವುದಿಲ್ಲ. ಒಂದು ಸಂಸ್ಥೆಯ ಪೋಷಣೆ, ಪರಿಣತರ ಪಡೆ, ದಾನಿಗಳ ಹಣ ಇರುವ ಮನೆ ತನ್ನ ಆಕಾರದ ಬೆಲೆಯನ್ನು ತೆತ್ತು ಉಳಿಯಿತು. ಆದರೆ ಆ ಚಿತ್ರವನ್ನೋ ಅದರ ಮಕ್ಕಳು ಮೊಮ್ಮಕ್ಕಳಂತಹ ಚಿತ್ರಗಳನ್ನೋ ನೋಡಿ, ಸಹಕಾರಿ ಬ್ಯಾಂಕಿನ ಸಾಲದಲ್ಲಿ ಮನೆ ಕಟ್ಟಿಸುವ ಅಡಿಕೆ ಬೆಳೆಗಾರನಿಗೆ ಆ ಪಡೆ ಎಲ್ಲಿದೆ?

ಸಿಮೆಂಟಿನ ಮರ, ಕಡಿದ ಗುಡ್ಡ

ಪ್ರಕೃತಿಯ ಆಕಾರವನ್ನು ಮಾತ್ರ ಎರವಲು ಪಡೆಯುವ ಕಟ್ಟಡಗಳು ಘಟ್ಟದ ಮೇಲೂ ಕೆಳಗೂ ಹೆಚ್ಚುತ್ತಿವೆ. ಸಿಮೆಂಟಿನಲ್ಲಿ ಮರದ ಬುಡ ಎಬ್ಬಿಸಿ, ತೊಗಟೆಯ ಗೆರೆ ಕೊರೆದು, ಕಂದು ಬಣ್ಣ ಬಳಿದ ಕಂಬಗಳನ್ನು ರೆಸಾರ್ಟುಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಕಾಣಬಹುದು. ಅಂತಹ ಕಂಬ ನಿಲ್ಲಿಸುವ ಜಾಗದಲ್ಲಿ ಮೊದಲು ನಿಜವಾದ ಮರವೊಂದು ಇದ್ದುದು ವಿರಳವಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇಕಡಾ 8ರಷ್ಟು ಸಿಮೆಂಟ್ ತಯಾರಿಕೆಯದು. ಆ ಸಿಮೆಂಟಿಗೆ ಬೆರೆಯುವ ಮರಳು ನೇತ್ರಾವತಿಯದೋ ಫಲ್ಗುಣಿಯದೋ ಒಡಲಿನದು. ಪಾಯದ ಮುರಕಲ್ಲು ಬಂದ ಜಾಗದಲ್ಲಿ ಬೇಲಿಯಿಲ್ಲದ, ಮಳೆಗಾಲದಲ್ಲಿ ನೀರು ತುಂಬುವ ಹೊಂಡ ಉಳಿದಿರುತ್ತದೆ. ಮನೆಯ ಚಿತ್ರ ತೆಗೆಯುವವರು ಆ ಹೊಂಡದ ಕಡೆಗೆ ಕ್ಯಾಮೆರಾ ತಿರುಗಿಸುವುದಿಲ್ಲ. ಹೊಂಡವೂ ಆ ಮನೆಯ ಒಂದು ಕೋಣೆಯೇ ಎಂದು ಯಾರೂ ಎಣಿಸುವುದಿಲ್ಲ.

‘ನೋಟ’ದ ಆಸೆ ಇದಕ್ಕಿಂತಲೂ ಅಪಾಯಕಾರಿ. ಚಿತ್ರದಲ್ಲಿ ಮನೆಯ ಹಿಂದೆ ಬೆಟ್ಟಸಾಲು ಕಾಣಬೇಕಾದರೆ ಮನೆ ಇಳಿಜಾರಿನಲ್ಲಿರಬೇಕು. ಇಳಿಜಾರಿನಲ್ಲಿ ಮನೆ ನಿಲ್ಲಬೇಕಾದರೆ ಜೆಸಿಬಿಯಿಂದ ಗುಡ್ಡವನ್ನು ಕಡಿದು ತಟ್ಟು ಮಾಡಬೇಕು. ಕಡಿದ ಧರೆಯು ಮೊದಲ ಎರಡು ಮೂರು ಮಳೆಗಾಲ ಸುಮ್ಮನಿರಬಹುದು. ಬೇರು ಸತ್ತು, ನೀರಿನ ಹಳೆಯ ದಾರಿ ಮುಚ್ಚಿ, ಮಣ್ಣು ನೆನೆದು ಭಾರವಾದ ವರ್ಷ ಅದು ತನ್ನ ಹಳೆಯ ಇಳಿಜಾರನ್ನು ಹುಡುಕುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿಯೇ, ಚಾರ್ಮಾಡಿಯ ಆಸುಪಾಸಿನಲ್ಲಿ, ಬೆಟ್ಟದಿಂದ ಇಳಿದ ನೀರು, ಮಣ್ಣು, ಮರಗಳು ಮನೆಗಳನ್ನೂ ತೋಟಗಳನ್ನೂ ನುಂಗಿದವು. 2024ರ ಜುಲೈಯಲ್ಲಿ ಉತ್ತರ ಕನ್ನಡದ ಶಿರೂರು, ಕೇರಳದ ವಯನಾಡು. ಎಲ್ಲ ಕುಸಿತಗಳಿಗೂ ಮನೆ ಕಟ್ಟುವವರೇ ಹೊಣೆಯಲ್ಲ. ಅತಿವೃಷ್ಟಿ, ರಸ್ತೆ ಅಗಲೀಕರಣ, ಕಾಡಿನ ನಾಶ ಎಲ್ಲವೂ ಸೇರಿವೆ. ಅವುಗಳಲ್ಲಿ ನೊಂದವರು ಬಹುಮಟ್ಟಿಗೆ ನೋಟಕ್ಕಾಗಿ ಮನೆ ಕಟ್ಟಿದವರೂ ಅಲ್ಲ. ಆದರೆ ಇಳಿಜಾರನ್ನು ಕಡಿಯಬಾರದೆಂಬ ಪಾಠ ಮಾತ್ರ ಎಲ್ಲ ಕಡೆಯೂ ಒಂದೇ.

ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿ 2011ರಲ್ಲಿ ನೀಡಿದ ವರದಿ ಅಣೆಕಟ್ಟು, ಗಣಿಗಳ ಬಗ್ಗೆ ಹೇಳಿದ್ದು ಬಹಳ ಚರ್ಚೆಯಾಯಿತು. ಅದೇ ವರದಿ ಮನೆಗಳ ಬಗ್ಗೆಯೂ ಹೇಳಿತ್ತು: ಸಿಮೆಂಟ್, ಉಕ್ಕು, ಮರಳಿನ ಬಳಕೆಯನ್ನು ತಗ್ಗಿಸುವ, ಮಳೆನೀರು ಹಿಡಿಯುವ, ಸ್ಥಳಕ್ಕೆ ಒಗ್ಗುವ ಕಟ್ಟಡ ಸಂಹಿತೆಯೊಂದು ಘಟ್ಟ ಪ್ರದೇಶಕ್ಕೆ ಬೇಕೆಂದು. ವರದಿಯನ್ನು ವಿರೋಧಿಸಿದವರೂ ಬೆಂಬಲಿಸಿದವರೂ ಆ ಪುಟವನ್ನು ಓದದೆ ದಾಟಿದರು.

ಟೆರೇಸಿನ ಮೇಲೆ ಮರಳಿ ಬಂದ ಮಾಡು

ಚಿತ್ರ ಮತ್ತು ಮಳೆಯ ನಡುವಿನ ವ್ಯಾಜ್ಯದಲ್ಲಿ ಕೊನೆಗೆ ಗೆಲ್ಲುವುದು ಯಾವುದು ಎಂಬುದನ್ನು ತಿಳಿಯಲು ಗುರುವಾಯನಕೆರೆಯಿಂದ ಯಾವ ದಿಕ್ಕಿಗಾದರೂ, ಬೆಳ್ತಂಗಡಿಯತ್ತಲೋ ವೇಣೂರಿನತ್ತಲೋ ಬಂಟ್ವಾಳದತ್ತಲೋ, ಐದಾರು ಕಿಲೋಮೀಟರ್ ಹೋದರೆ ಸಾಕು. ಕಳೆದ ಎರಡು ಮೂರು ದಶಕಗಳಲ್ಲಿ ಕಟ್ಟಿದ ಚಪ್ಪಟೆ ಟೆರೇಸಿನ ಮನೆಗಳ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಾಗಿ ಶೀಟು ಹೊದೆಸಿರುವುದು ಒಂದರ ಹಿಂದೆ ಒಂದರಂತೆ ಕಾಣುತ್ತದೆ. ಮನೆಯ ಮೂಲ ಚಿತ್ರದಲ್ಲಿ ಆ ಶೀಟು ಇರಲಿಲ್ಲ. ಗೃಹಪ್ರವೇಶದ ಅಲ್ಬಮಿನಲ್ಲಿಯೂ ಇರಲಿಲ್ಲ. ಕೆಲವು ಮಳೆಗಾಲ ಕಳೆದು, ಸ್ಲ್ಯಾಬು ಜಿನುಗಿ, ಗೋಡೆಗೆ ಹಸಿರು ಪಾಚಿ ಹತ್ತಿ, ಅಡಿಕೆ ಒಣಗಿಸಲು ಜಾಗವಿಲ್ಲದೆ ಪರದಾಡಿದ ಮೇಲೆ ಮನೆಯೊಡೆಯ ಎರಡನೆಯ ಸಲ ಖರ್ಚು ಮಾಡಿ, ತಾನು ಹಳತೆಂದು ಬಿಟ್ಟ ಮಾಡನ್ನೇ ಮತ್ತೆ ತಲೆಯ ಮೇಲೆ ಹೊತ್ತನು.

ವಾಸ್ತುಶಿಲ್ಪದ ಅಭಿರುಚಿಯುಳ್ಳವರು ಈ ಶೀಟಿನ ಮಾಡುಗಳನ್ನು ಕುರೂಪವೆಂದು ಹಳಿಯುತ್ತಾರೆ, ಚಿತ್ರ ತೆಗೆಯುವಾಗ ಅವನ್ನು ಚೌಕಟ್ಟಿನಿಂದ ಹೊರಗಿಡುತ್ತಾರೆ. ಆದರೆ ಈ ಪ್ರದೇಶದಲ್ಲಿ ಪ್ರಕೃತಿಯ ಪ್ರೇರಣೆಯಿಂದ ಇತ್ತೀಚೆಗೆ ನಿರ್ಮಾಣವಾದ ಅತ್ಯಂತ ಪ್ರಾಮಾಣಿಕ ರಚನೆ ಯಾವುದಾದರೂ ಇದ್ದರೆ ಅದು ಈ ಶೀಟಿನ ಮಾಡೇ. ಮಳೆ ಆಡಿದ ಮಾತನ್ನು ತಡವಾಗಿಯಾದರೂ ಕೇಳಿಸಿಕೊಂಡ ರಚನೆ ಅದು. ಮೊದಲೇ ಕೇಳಿಸಿಕೊಂಡಿದ್ದರೆ ಒಂದೇ ಮಾಡು ಸಾಕಾಗುತ್ತಿತ್ತು, ಅಷ್ಟು ಸಿಮೆಂಟೂ ಉಕ್ಕೂ ಸಾಲವೂ ಉಳಿಯುತ್ತಿತ್ತು.

ಚಿತ್ರ ಬೇಕು, ಬೇರೆ ಚಿತ್ರ ಬೇಕು

ಹಾಗಾದರೆ ಮನೆಗಳ ಚಿತ್ರವನ್ನೇ ತೆಗೆಯಬಾರದೇ? ಹಾಗಲ್ಲ. ಹಳೆಯ ಮನೆಗಳು ಪಾಲುಪಟ್ಟಿಯಲ್ಲಿ ಬಿಚ್ಚಿಹೋಗಿ, ಕಂಬಗಳು ಮರದ ವ್ಯಾಪಾರಿಯ ಪಾಲಾದ ಊರುಗಳಲ್ಲಿ ಛಾಯಾಚಿತ್ರವೊಂದೇ ಉಳಿದ ಸಾಕ್ಷಿ. ಮಣಿಪಾಲದ ವಿಜಯನಾಥ ಶೆಣೈಯವರು, ಹೀಗೆ ಕೆಡವಿದ ಮನೆಗಳ ಬಾಗಿಲು, ಕಂಬ, ಜಂತಿಗಳನ್ನು ಕೂಡಿಸಿ ತಮ್ಮದೇ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿಕೊಂಡರು. ಅದನ್ನು ನೋಡಲು ಜನ ಬಂದರು, ಚಿತ್ರ ತೆಗೆಯುವವರು ಬಂದರು. ಆ ಆಸಕ್ತಿಯೇ ಮುಂದೆ ಇಡೀ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಪರಂಪರೆ ಗ್ರಾಮವಾಗಿ ಬೆಳೆಯಿತು. 2017ರಲ್ಲಿ ಅವರು ತೀರಿಕೊಂಡ ಮೇಲೂ ಆ ಸಂಗ್ರಹ ಉಳಿದಿದೆ. ಅವರು ಉಳಿಸಿದ್ದು ಬರಿಯ ರೂಪವನ್ನಲ್ಲ, ಜೋಡಣೆಯನ್ನು. ಮೊಳೆಯಿಲ್ಲದೆ ಮರ ಮರವನ್ನು ಹಿಡಿಯುವ ಬಗೆಯನ್ನು. ಮನೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕಾದವನಿಗೆ ಮುಂಭಾಗದ ಚಿತ್ರ ಸಾಲದು. ಪ್ರತಿ ಸಂದಿಯ ಚಿತ್ರ ಬೇಕು.

ಮೂಡುಬಿದಿರೆಯ ಚೌಟರ ಅರಮನೆಗೆ ಹೋದವರು ನವನಾರೀ ಕುಂಜರ, ಪಂಚನಾರೀ ತುರಗದ ಕೆತ್ತನೆಯ ಚಿತ್ರ ತೆಗೆದುಕೊಂಡು ಬರುತ್ತಾರೆ. ಒಳ್ಳೆಯದೇ. ಆದರೆ ಆ ಕಂಬದ ತಲೆ ತೊಲೆಯನ್ನು ಹೇಗೆ ಹೊತ್ತಿದೆ, ಮಾಡಿನ ನೀರು ಎಲ್ಲಿ ಇಳಿಯುತ್ತದೆ, ಯಾವ ಮೂಲೆ ಗೆದ್ದಲಿಗೆ ತುತ್ತಾಗಿದೆ ಎಂಬ ಚಿತ್ರಗಳು ಇದ್ದರೆ ಮುಂದೆ ದುರಸ್ತಿ ಮಾಡುವವರಿಗೆ ದಾರಿ ತೋರಿಸುತ್ತವೆ.

ಹೊಸ ಮನೆಗಳ ವಿಷಯದಲ್ಲಿಯೂ ಇದೇ ನ್ಯಾಯ. ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಜಲತಜ್ಞ ಎಸ್. ವಿಶ್ವನಾಥ್ ಅವರ ಮನೆಯ ಚಿತ್ರಗಳು ಅನೇಕ ಕಡೆ ಪ್ರಕಟವಾಗಿವೆ. ಅದರ ಗೋಡೆಯ ಮಣ್ಣು ಆ ನಿವೇಶನವನ್ನೇ ಅಗೆದು ತೆಗೆದದ್ದು. ಮಾಡಿನ ನೀರು ತೊಟ್ಟಿಗೆ ಸೇರುತ್ತದೆ. ತಾರಸಿಯಲ್ಲಿ ಭತ್ತ ಬೆಳೆದದ್ದೂ ಉಂಟು. ಇಲ್ಲಿ ಮುಖ್ಯವಾದುದು ಮಣ್ಣಿನ ಬಣ್ಣದ ಚೆಲುವಲ್ಲ, ಮಣ್ಣಿನ ಲೆಕ್ಕ. ಅದರ ಹಿಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ದೀರ್ಘ ಪರಿಶ್ರಮವಿದೆ. ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ಆ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ಪರೀಕ್ಷಿಸಿ ಬಳಕೆಗೆ ತಂದರು. ಬೆಂಗಳೂರಿಗೆ ಒಪ್ಪುವ ಮನೆಯ ಚಿತ್ರವನ್ನು ಹಾಗೆಯೇ ಬೆಳ್ತಂಗಡಿಗೆ ತಂದರೆ ಮತ್ತೆ ಅದೇ ತಪ್ಪಾಗುತ್ತದೆ. ಬೆಂಗಳೂರಿನ ನಾಲ್ಕು ಪಟ್ಟು ಮಳೆ ಬೀಳುವಲ್ಲಿ ಆ ಗೋಡೆಗೆ ಇನ್ನಷ್ಟು ಉದ್ದದ ಸೂರು, ಇನ್ನಷ್ಟು ಎತ್ತರದ ಕಲ್ಲಿನ ಪಾಯ ಬೇಕು. ಅನುಕರಿಸಬೇಕಾದುದು ಮನೆಯನ್ನಲ್ಲ, ಅದನ್ನು ಕಟ್ಟುವ ಮುನ್ನ ಕೇಳಿದ ಪ್ರಶ್ನೆಗಳನ್ನು.

ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ತರುಣನಾಗಿದ್ದಾಗ ಗಾಂಧೀಜಿಯನ್ನು ಭೇಟಿಯಾಗಿದ್ದರು. ಆದರ್ಶ ಹಳ್ಳಿಯ ಮನೆಗೆ ಬೇಕಾದ ಸಾಮಗ್ರಿಯೆಲ್ಲ ಐದು ಮೈಲಿಯ ಸುತ್ತಳತೆಯೊಳಗೆ ಸಿಗುವಂತಿರಬೇಕೆಂಬ ಗಾಂಧೀಜಿಯ ವಿಚಾರವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಐದು ಮೈಲಿಯೆಂದರೆ ಎಂಟು ಕಿಲೋಮೀಟರ್. ಈ ಕಾಲದಲ್ಲಿ ಅದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಆದರೆ ಅಳತೆಗೋಲಾಗಿ ಅದು ಇಂದಿಗೂ ಸವೆದಿಲ್ಲ.

ಆದುದರಿಂದ ವಿಶಿಷ್ಟವಾದ ಮನೆಯೊಂದರ ಚಿತ್ರ ತೆಗೆಯಲು ಹೊರಟವರು, ಅವರು ವೃತ್ತಿಪರರಾಗಿರಲಿ ಮೊಬೈಲು ಹಿಡಿದ ಕಾಲೇಜು ವಿದ್ಯಾರ್ಥಿಗಳಾಗಿರಲಿ, ಕೆಲವು ಚಿತ್ರಗಳನ್ನು ಹೆಚ್ಚುವರಿಯಾಗಿ ತೆಗೆಯುವುದು ಒಳಿತು. ಮೊದಲನೆಯದು, ಆಷಾಢದ ಮಳೆಯಲ್ಲಿ ಪಡುವಣ ದಿಕ್ಕಿನ ಗೋಡೆಯದು, ಏಕೆಂದರೆ ಮಳೆಗಾಳಿ ಹೊಡೆಯುವುದು ಅಲ್ಲಿಗೆ. ಎರಡನೆಯದು, ಮಾಡಿನ ಒಳಮೈಯದು. ಮೂರನೆಯದು, ಸೂರಿನಿಂದ ಬಿದ್ದ ನೀರು ಹರಿದುಹೋಗುವ ದಾರಿಯದು: ಅದು ಬಾವಿಗೆ ಇಂಗುತ್ತದೆಯೋ, ನೆರೆಯವನ ತೋಟಕ್ಕೆ ನುಗ್ಗುತ್ತದೆಯೋ ಎಂಬುದು ತಿಳಿಯಬೇಕು. ನಾಲ್ಕನೆಯದು, ಕಲ್ಲು, ಮಣ್ಣು, ಮರಳು ಬಂದ ಜಾಗದ್ದು. ಐದನೆಯದು, ಮನೆ ಕಟ್ಟಿ ಹತ್ತು ವರ್ಷವಾದ ಮೇಲೆ ಅದೇ ಕೋನದಿಂದ ತೆಗೆದದ್ದು. ಅಡಿಬರಹದಲ್ಲಿ ವಾಸ್ತುಶಿಲ್ಪಿಯ ಹೆಸರಿನ ಜೊತೆ ಕಲ್ಲು ಕಟ್ಟಿದ ಮೇಸ್ತ್ರಿಯ, ಮಾಡು ಕೂರಿಸಿದ ಆಚಾರಿಯ ಹೆಸರೂ ಇರಲಿ. ಕೌಶಲ ಅವರದು. ಅವರ ಹೆಸರು ಅಳಿದರೆ ಕಲಿಯುವವರು ಯಾರ ಬಳಿಗೆ ಹೋಗಬೇಕು?

ಮನೆಯೊಳಗೆ ಜನ ಬದುಕುತ್ತಿದ್ದಾರೆ ಎಂಬುದನ್ನೂ ಮರೆಯಲಾಗದು. ಗೇಟಿನಾಚೆಯಿಂದ ಕದ್ದು ತೆಗೆದ ಚಿತ್ರ, ಊರು ದಾರಿ ಸಮೇತ ಜಗಜ್ಜಾಹೀರಾದ ವಿಳಾಸ ಆ ಮನೆಯವರ ನೆಮ್ಮದಿಯನ್ನು ಕಸಿಯುತ್ತದೆ. ಚಾವಡಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಕೇಳಿ ಪಡೆದ ಒಪ್ಪಿಗೆಯಿಂದ ತೆಗೆದ ಚಿತ್ರದಲ್ಲಿ ಮನೆಯ ಕಥೆಯೂ ದೊರೆಯುತ್ತದೆ: ಎಲ್ಲಿ ಸೋರಿತು, ಹೇಗೆ ಸರಿಪಡಿಸಿದರು, ಮತ್ತೊಮ್ಮೆ ಕಟ್ಟುವುದಾದರೆ ಏನನ್ನು ಬದಲಿಸುತ್ತಾರೆ. ಹೊಸ ಮನೆ ಕಟ್ಟುವವನಿಗೆ ನೂರು ಚಿತ್ರಗಳಿಗಿಂತ ಆ ಕೊನೆಯ ಉತ್ತರ ಹೆಚ್ಚು ಉಪಯುಕ್ತ.

ಗುರುವಾಯನಕೆರೆಯ ಮಂಟಪದ ಚಿತ್ರ ಲಂಡನ್ನಿನಲ್ಲಿ ಅಚ್ಚಾಗಿ ಒಂದೂವರೆ ಶತಮಾನವಾಗಿದೆ. ಅಂದು ಬಿಸಿಲಿನಲ್ಲಿ ತೆಗೆದ ಆ ಚಿತ್ರ ಇಲ್ಲಿಯ ಮಾಡಿನ ಆಕಾರವನ್ನು ಜಗತ್ತಿಗೆ ಹೇಳಿತು, ಅದರ ಕಾರಣವನ್ನು ಹೇಳಲಾರದೆ ಹೋಯಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮೆರಾ ಇದೆ, ಪ್ರತಿ ವರ್ಷವೂ ಜೂನ್ ಬರುತ್ತದೆ. ಮುಂದಿನ ಮಳೆಗಾಲದಲ್ಲಿ ಕೊಡೆ ಹಿಡಿದು ಹೊರಬಂದು, ಊರಿನ ಹಳೆಯ ಮಾಡೊಂದು ನೀರನ್ನು ಹೇಗೆ ಇಳಿಸುತ್ತದೆ ಎಂಬುದರ ಚಿತ್ರವೊಂದನ್ನು ತೆಗೆದು, ಮನೆ ಕಟ್ಟಿಸಲು ಹೊರಟ ಮಗನಿಗೋ ಅಳಿಯನಿಗೋ ತೋರಿಸಿದರೆ ಅದೇ ಒಂದು ಒಳ್ಳೆಯ ಆರಂಭ. ಮೇಸ್ತ್ರಿಯ ಮುಂದೆ ಇಡಬೇಕಾದ ಚಿತ್ರ ಅದು.